ಊರಿಗೆ ಹೊರಟವರ ತೂಕ

ರಜೆಗೆ ಊರಿಗೆ ಹೊರಟ ಮನುಷ್ಯ ಇರುವವರೆಗೆ ಇಂಥದ್ದು ನಡೆಯುತ್ತಲೇ ಇರುತ್ತದೆ. ತೊಂಬತ್ತರ ದಶಕದಲ್ಲಿ ನಾನು ಬಹರೈನಿನ ಟುಬ್ಲಿಯ ಒಂದು ವರ್ಕ್‌ಶಾಪಿನಲ್ಲಿ ಸ್ಟೋರ್‌ಕೀಪರ್. ಗುಜರಿ ತಾಮ್ರ ತೂಗಲು ಅಲ್ಲೊಂದು ದೊಡ್ಡ ಮಷಿನ್ ಇತ್ತು. ಆ ದೇಶದಲ್ಲಿದ್ದ ನಮ್ಮ ಕರಾವಳಿಯವರು ವಾರದ ರಜೆಯ ಶುಕ್ರವಾರ ಪೆಟ್ಟಿಗೆ ಹೊತ್ತು ಅಲ್ಲಿಗೇ ಬರುತ್ತಿದ್ದರು. ವಿಮಾನದವರು ಬಿಡುವುದು ಮೂವತ್ತು ಕಿಲೋ, ನಮ್ಮವರ ಆಸೆ ಐವತ್ತು.

ಮೂರು ಪ್ಯಾಂಟು

ಮೀನಾ ಸಲ್ಮಾನ್ ಬಂದರಿನ ವೆಲ್ಡರ್ ಒಬ್ಬನ ಪೆಟ್ಟಿಗೆ ಮೂರು ಕಿಲೋ ಹೆಚ್ಚು ಬಂತು. ಮೂರು ಪ್ಯಾಂಟು, ನಾಲ್ಕು ಅಂಗಿ ಹೊರತೆಗೆದು ಒಂದರ ಮೇಲೊಂದು ತೊಟ್ಟುಕೊಂಡ. ಆಗಸ್ಟ್ ತಿಂಗಳ ಸೆಕೆ. ಈಗ ಸರಿಯಾಗಿ ಮೂವತ್ತು.

"ಆಯ್ತಲ್ಲ, ಇನ್ನು ತೆಗಿ" ಎಂದೆ.

"ಬೇಡ ಮಾರಾಯ್ರೆ, ಪುನಃ ಹಾಕ್ಲಿಕ್ಕೆ ಅರ್ಧ ಗಂಟೆ ಬೇಕು."

ವಿಮಾನ ಇದ್ದದ್ದು ಭಾನುವಾರ.

ಮಷಿನ್ ಸಮ ಇಲ್ಲ

ರಿಫಾದ ಮ್ಯಾನೇಜರ್ ಒಬ್ಬರ ಸೂಟ್‌ಕೇಸ್ ನಲವತ್ತೆರಡು ತೂಗಿತು. "ನಿಮ್ಮ ಮಷಿನ್ ಸಮ ಇಲ್ಲ. ನನ್ನ ತೂಕ ಎಪ್ಪತ್ತು, ನೋಡಿ ಬೇಕಾದ್ರೆ" ಎಂದು ತಾವೇ ಹತ್ತಿ ನಿಂತರು. ಮುಳ್ಳು ಎಂಬತ್ತೆರಡಕ್ಕೆ ಹೋಯಿತು. "ಕಂಡಿತಾ? ಹನ್ನೆರಡು ಕಿಲೋ ಸುಳ್ಳು ಹೇಳ್ತದೆ" ಎಂದು ಸಮಾಧಾನದಿಂದ ಹೊರಟುಹೋದರು.

ಆಮೇಲೆ ಸಿಕ್ಕಾಗ ಹೇಳಿದರು, ಏರ್‌ಪೋರ್ಟಿನ ಮಷಿನ್ ಕೂಡ ಹಾಳಾಗಿತ್ತಂತೆ.

ಪೇಂಟರನ ಸೀರೆ

ನಮ್ಮ ವರ್ಕ್‌ಶಾಪಿನ ಪೇಂಟರ್ ತನ್ನ ಮದುವೆಗೆ ಹೊರಟಿದ್ದ. ಮನಾಮದ ಅಂಗಡಿಗಳಲ್ಲಿ ನಾಲ್ಕು ಶುಕ್ರವಾರ ಅಲೆದು ಹುಡುಗಿಗೊಂದು ಸೀರೆ ಆರಿಸಿದ್ದ. ಮದುವೆಗೆ ಮೊದಲು ಅದನ್ನು ತಾನೇ ಅವಳ ಕೈಗೆ ಕೊಡಬೇಕೆಂಬುದೊಂದೇ ಅವನ ಆಸೆ.

ಆದರೆ ಊರಿಗೆ ಹೋಗುವವನು ಉಳಿದವರ ಪೊಟ್ಟಣಗಳನ್ನೂ ಒಯ್ಯಬೇಕು. ಇಲ್ಲ ಎಂದವನ ಪೊಟ್ಟಣವನ್ನು ಮುಂದೆ ಯಾರೂ ಮುಟ್ಟುವುದಿಲ್ಲ. ಹಾಲುಪುಡಿ, ಸಾಬೂನು, ಮುಲಾಮು ಒಳಗೆ ಹೋದಂತೆಲ್ಲ ಅವನ ಬಟ್ಟೆಗಳು ಹೊರಗೆ ಬಂದವು. ಮುಳ್ಳು ಮೂವತ್ತಕ್ಕೆ ನಿಂತಾಗ ಪೆಟ್ಟಿಗೆಯಲ್ಲಿ ಅವನದೆಂದು ಉಳಿದದ್ದು ಆ ಸೀರೆ ಮಾತ್ರ.

ಅಷ್ಟರಲ್ಲಿ ಮೇಸ್ತ್ರಿ ಬಂದರು. ರಜೆಗೆ ಸಹಿ ಹಾಕಿದವರು ಅವರೇ. ಬಿಗಿಯಾಗಿ ಕಟ್ಟಿದ ಒಂದು ಪೊಟ್ಟಣ ಕೊಟ್ಟು, "ಊರಿಗೆ ಮುಟ್ಟಿದ ಮೇಲೆ ಬಿಚ್ಚು. ಯಾರಿಗೆಂತ ಒಳಗೆ ಬರ್ದಿದ್ದೇನೆ" ಎಂದು ಹೋದರು. ಪೇಂಟರ್ ಸೀರೆ ಹೊರತೆಗೆದು ಆ ಪೊಟ್ಟಣ ಒಳಗಿಟ್ಟ. ನನಗೆ ಪಾಪ ಅನಿಸಿತು.

"ನನ್ನ ಹತ್ರ ಇರ್ಲಿ. ಮುಂದಿನ ತಿಂಗಳು ಹೋಗುವವರ ಹತ್ರ ಕಳಿಸುವ."

"ಮದುವೆ ಈ ತಿಂಗಳು" ಎಂದ.

ಹೊರಡುವ ದಿನ ಅದನ್ನು ಅಂಗಿಯೊಳಗೆ ಸೊಂಟಕ್ಕೆ ಸುತ್ತಿಕೊಂಡೇ ವಿಮಾನ ಹತ್ತಿದ. ಬೊಂಬಾಯಿಯ ಕಸ್ಟಮ್ಸಿನವರು ಬಿಚ್ಚಿಸಿ, ಯಾರದ್ದೆಂದು ಕೇಳಿದರಂತೆ. "ನನ್ನ ಮದುವೆಯದ್ದು" ಎಂದನಂತೆ ಇವನು. ಅಧಿಕಾರಿ ಸೀರೆಯನ್ನು ನೋಡಿ, ಇವನ ಮೀಸೆಯನ್ನು ನೋಡಿ, ಹೋಗೆಂದು ಕೈಬೀಸಿದನಂತೆ.

ಎರಡು ತಿಂಗಳ ಮೇಲೆ ವಾಪಸ್ ಬಂದವನನ್ನು ಕೇಳಿದೆ, "ಮೇಸ್ತ್ರಿಯ ಪೊಟ್ಟಣ ಯಾರಿಗಿತ್ತು?"

"ನಂಗೇ. ಮದುವೆಯ ಉಡುಗೊರೆ."

"ಒಳಗೆ ಎಂತ ಇತ್ತು?"

"ಇಸ್ತ್ರಿಪೆಟ್ಟಿಗೆ. ಒಳ್ಳೆದೇ ಆಯ್ತು, ಸೀರೆ ಪೂರಾ ಮುದ್ದೆಯಾಗಿತ್ತು."