ಬಲಗಡೆಯ ಆಲ್ಟ್ ಕೇಳಿದ ಚಾ

ಒಂದು ಒಗಟು ಹೇಳ್ತೀನಿ, ಬಿಡಿಸ್ರಿ. ನಮ್ಮ ಸರ್ ಕೀಬೋರ್ಡಿನಾಗ ಸ್ಪೇಸ್ ಪಟ್ಟಿಯ ಬಲಕ್ಕಿರೋ ಆಲ್ಟ್ ಗುಂಡಿ ಒತ್ತಿದರ ಏನು ಬರ್ತದ? ಗೊತ್ತಿಲ್ಲ ಅಲ್ಲಾ? ಸರ್‌ಗೂ ಗೊತ್ತಿರಲಿಲ್ಲ. ನಾನಿದ್ದಲ್ಲಿ ಇಂಥವು ಆಗ್ತಾನೇ ಇರ್ತಾವ, ನಾನೇನೂ ಮಾಡದಿದ್ದರೂ. ಸ್ವಲ್ಪ ಮಾಡಿದರ ಇನ್ನೂ ಲಗೂ ಆಗ್ತಾವ.

ಹತ್ತನೇ ಕ್ಲಾಸಿನಾಗ ಗಣಿತ ಎರಡು ಸಲ ಕೈಕೊಟ್ಟ ಮ್ಯಾಲ ರಾಯಚೂರಿನಾಗ ಈ ಸರ್ ನಡೆಸೋ ಕಂಪ್ಯೂಟರ್ ಸೆಂಟರಿಗೆ ನನ್ನ ಸೇರಿಸಿದರು. ಅಲ್ಲಿಂದನೂ ಹೊರಗ ಹಾಕಿದರ ಸೀದಾ ಮಾವನ ಹತ್ತಿ ಮಿಲ್ಲಿಗೆ ಅಂತ ಅಪ್ಪ ಮೊದಲೇ ಹೇಳಿಟ್ಟಾನ. ಮಾವ ನಗೋ ಮನುಷ್ಯ ಅಲ್ಲ. ನನಗ ಅದೇ ಭಯ.

೧. ಕಿರುಬೆರಳು

ಸರ್ ಇಡೀ ದಿನ ಪ್ರೋಗ್ರಾಂ ಬರೀತಾರ. ಬರೆದದ್ದು ಉಳಿಸಬೇಕಂದರ ಕಂಟ್ರೋಲ್ ಗುಂಡಿ, ಹುಡುಕಬೇಕಂದರ ಕಂಟ್ರೋಲ್ ಗುಂಡಿ. ಎಲ್ಲಾ ಭಾರ ಎಡಗೈ ಕಿರುಬೆರಳ ಮ್ಯಾಲ. ಅದು ಬಾತು ಬದನಿಕಾಯಿ ಆತು. ದೇವದುರ್ಗದಾಗ ಎಲುಬು ಕಟ್ಟೋ ಅಜ್ಜನ ಹತ್ರ ಕರಕೊಂಡು ಹೋದೆ. ಎತ್ತು ತುಳೀತೇನು ಅಂತ ಅಜ್ಜ ಕೇಳಿದ. ಗುಂಡಿ ಒತ್ತಿ ಒತ್ತಿ ಹಿಂಗಾತು ಅಂದರು ಸರ್. ಅಜ್ಜ ಬಿದಿರ ಕಡ್ಡಿ ಇಟ್ಟು ಬಿಗಿದು ಕಟ್ಟಿ, ನನ್ನ ಕಡೆ ಗದ್ದ ಎತ್ತಿ ತೋರಿಸಿದ.

"ಎಂಟು ದಿನ ಆ ಗುಂಡಿ, ಇಲ್ಲಿ ಖಾಲಿ ಕುಂತಾನಲ್ಲ, ಇವ ಒತ್ತಲಿ."

೨. ಹಿಡಿ, ಬಿಡು

ಹಂಗ ನಾನು ಕಂಟ್ರೋಲ್ ಗುಂಡಿಯ ಅಧಿಕಾರಿ ಆದೆ. ಸರ್ ಹಿಡಿ ಅಂದರ ಹಿಡೀಬೇಕು, ಬಿಡು ಅಂದರ ಬಿಡಬೇಕು. ಒಂದಿನ ಬಿಡು ಅಂದಾಗ ಬಿಡಲಿಲ್ಲ, ಏನಾಗ್ತದ ನೋಡೂಣು ಅಂತ. ಸರ್ ಡಬ್ಲ್ಯೂ ಅಕ್ಷರ ಒತ್ತಿದರು, ಕಂಟ್ರೋಲ್ ಜೋಡಿ ಸೇರಿ ಬರೀತಿದ್ದ ಫೈಲೇ ಮುಚ್ಚಿಕೊಂತು. ಮತ್ತ ತೆಗೆದರು, ಮತ್ತ ಡಬ್ಲ್ಯೂ, ಮತ್ತ ಮುಚ್ಚಿತು. "ವೈರಸ್ ಬಂದದಲೇ," ಅಂದರು. ಆಮ್ಯಾಲ ಸಾವಕಾಶ ನನ್ನ ಬೆರಳು ನೋಡಿದರು.

"ಸಿಕ್ತು."

ಇನ್ನೊಂದು ಕಿತಾಪತಿ ಮಾಡಿದರ ಸೆಂಟರ್ ಹೊಸ್ತಿಲ ತುಳೀಬ್ಯಾಡ ಅಂದರು. ಮಾವನ ಮುಖ ಕಣ್ಣ ಮುಂದ ಬಂತು.

೩. ತೂಕದ ಚೀಟಿ

ಸರ್ ಹೊಸಾ ಕೀಬೋರ್ಡ್ ತಂದರು. ಯಾವ ಗುಂಡಿಗೆ ಏನು ಕಲಿಸಿದರೂ ಅದು ತನ್ನೊಳಗೇ ನೆನಪಿಡ್ತದ. ಕ್ಯಾಪ್ಸ್ ಲಾಕ್ ಗುಂಡಿಯನ್ನೇ ಕಂಟ್ರೋಲ್ ಮಾಡಿಕೊಂಡರು, ನನ್ನ ಕೆಲಸ ಹೋತು. ಅವರು ಊಟಕ್ಕ ಹೋದಾಗ, ಅವರು ಎಂದೂ ಮುಟ್ಟದ ಬಲಗಡೆಯ ಆಲ್ಟಿಗೆ ನಾನೂ ಒಂದು ಮಾತು ಕಲಿಸಿದೆ.

ಆ ವಾರನೇ ಮಾನ್ವಿಯ ಅಕ್ಕಿ ಮಿಲ್ಲಿನಾಗ ಲಾರಿ ತೂಕದ ಪ್ರೋಗ್ರಾಂ ಹಾಕಿ ತೋರಿಸಬೇಕಿತ್ತು, ಸರ್ ಜೋಡಿ ನಾನೂ ಹೋದೆ. ಮಿಲ್ಲಿನ ಕೀಬೋರ್ಡಿನಾಗ ತೌಡು ತುಂಬಿ ಗುಂಡಿ ಏಳವಲ್ಲವು. ಸರ್ ಚೀಲದಿಂದ ತಮ್ಮದನ್ನೇ ತೆಗೆದು ಹಚ್ಚಿದರು. ನಾನು ಬಾಗಿಲ ಕಡೆ ಒಂದು ಹೆಜ್ಜಿ ಸರಿದೆ. ತೂಕದ ಗುಮಾಸ್ತನ ಹೆಬ್ಬೆರಳು ಬಾಳಿಕಾಯಿಯಷ್ಟು ದಪ್ಪ; ಸ್ಪೇಸ್ ಒತ್ತಿದಾಗೆಲ್ಲ ಪಕ್ಕದ ಆಲ್ಟೂ ಒತ್ತಿತು. ಚೀಟಿ ಬಂತು. ಮಾಲಕರು ಕನ್ನಡಕ ಏರಿಸಿ ಜೋರಾಗಿ ಓದಿದರು: ಲಾರಿ ನಂಬರು, ಸರ್ ಚಾ ಕುಡ್ಯೂನೇನ್ರಿ, ಭತ್ತ, ಸರ್ ಚಾ ಕುಡ್ಯೂನೇನ್ರಿ, ತೂಕ, ಸರ್ ಚಾ ಕುಡ್ಯೂನೇನ್ರಿ.

ಮಾಲಕರು ಹೊಟ್ಟಿ ಹಿಡಕೊಂಡು ನಕ್ಕರು. "ಇಷ್ಟು ಮರ್ಯಾದಿ ಇರೋ ಕಂಪ್ಯೂಟರ್ ನಾ ನೋಡಿಲ್ರಿ. ತೆಗೀಬ್ಯಾಡ್ರಿ, ಇರ್ಲಿ." ಲಾರಿ ಡ್ರೈವರಿಗೂ ಚಾ ಬಂತು. ಸರ್ ನನ್ನ ಬೆನ್ನು ತಟ್ಟಿದರು.

ಸುಳ್ಳು. ಮಾಲಕರು ನಕ್ಕಲ್ಲಿಂದ ಮುಂದಿಂದೆಲ್ಲ ನಾನೇ ಕಟ್ಟಿದ್ದು. ಮಾಲಕರು ಮೂರನೇ ಚಾ ಓದೋದ್ರಾಗ ಸರ್ ಮತ್ತ ನನ್ನ ಬೆರಳು ನೋಡಿದರು; ಅವರು ಬಾಯಿ ತೆಗೆಯೋದ್ರಾಗ ಬೆರಳಿನ ಸಮೇತ ನಾನು ಮಾನ್ವಿ ಬಸ್ ಸ್ಟ್ಯಾಂಡ್ ದಾರಿ ಹಿಡಿದಿದ್ದೆ. ಮುಂದ ಏನಾತು ನನಗ ಹೆಂಗ ಗೊತ್ತಾಗಬೇಕು? ಸರ್, ಇದನ್ನ ಓದಿದರ ಸೆಂಟರಿಗೆ ಬರ್ಲೋ ಬ್ಯಾಡೋ ಹೇಳಿ ಕಳಿಸ್ರಿ. ನನ್ನ ಹತ್ತಿ ಮಿಲ್ಲಿಗೆ ಒಯ್ಯಾಕ ಮಾವ ಮನಿಗೆ ಬಂದು ಕುಂತಾನ. ಅವಗೂ ಇದನ್ನ ಓದಿ ತೋರಿಸಿದೆ. ನಗವಲ್ಲ.