ಎಲ್ಲರಿಗೂ ಒಂದನೇ ನಂಬರ್

ಕೆಂಚೇಶ ತನ್ನ ಪ್ರೋಗ್ರಾಮಿನಲ್ಲಿ ಬರೆಯದೆ ಬಿಟ್ಟಿದ್ದು ಒಂದೇ ಒಂದು ಸಾಲು.

ಜಗಳೂರಿನ ಹಾಲಗುಡ್ಡ ಕುರಿಗಾರರ ಸಂಘದಲ್ಲಿ ಅವನು ಗುಮಾಸ್ತ. ಲಸಿಕೆಯ ದಿನ ಗೇಟಿನಲ್ಲಿ ನಿಂತು ಸರದಿ ಕೂಗುವ ಕರ್ಮವೂ ಅವನದೇ. ಅದರಿಂದ ಪಾರಾಗಲು ಮೂರು ತಿಂಗಳು ಮೊಬೈಲ್ ನೋಡಿ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿತು, ಕಚೇರಿಯ ಮೂರು ಕಂಪ್ಯೂಟರುಗಳಿಗೆ ತಂತಿ ಎಳೆದು, ತನ್ನದೊಂದರಲ್ಲಿ ಪ್ರೋಗ್ರಾಂ ಓಡಿದರೆ ಮೂರೂ ಕಿಟಕಿಗಳಲ್ಲಿ ಸರದಿ ಚೀಟಿ ಬರುವಂತೆ ಮಾಡಿದ್ದ. ಇದು ನಡೆದರೆ ಕೂಗುವುದು ಬೇಡವೆಂದು ಅಧ್ಯಕ್ಷ ಉಚ್ಚಂಗೆಪ್ಪ ಮಾತು ಕೊಟ್ಟಿದ್ದರು.

ಈ ಸಲದ ಲಸಿಕೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ಹೊರಗೆ ನಾನೂರು ಕುರಿ. ಕೆಂಚೇಶ ಫೈಲ್ ಓಡಿಸಿದ. ತಪ್ಪಿದೆ ಎಂದೂ ಬರಲಿಲ್ಲ, ಸರಿಯಿದೆ ಎಂದೂ ಬರಲಿಲ್ಲ. ಕಂಪ್ಯೂಟರ್ ಹೋಳಿಗೆ ಉಂಡು ಗೋಡೆಗೊರಗಿದ ಬೀಗರಂತೆ ತೆಪ್ಪಗಿತ್ತು.

“ಮಕ್ಕಂಡೈತಲ್ರೀ ನಿಮ್ ಯಂತ್ರ,” ಎಂದರು ಪಕ್ಕದ ಕಿಟಕಿಯ ಲಕ್ಷ್ಮೀದೇವಿ. ಆಚೆ ಕಿಟಕಿಯ ನಿಂಗರಾಜ್ ತಂತಿ ಕಿತ್ತು, ಉಫ್ ಎಂದು ಊದಿ ಮತ್ತೆ ಸಿಕ್ಕಿಸಿದ. ಒಂದು ಟಗರು ಒಳಬಂದು ಕೀಬೋರ್ಡ್ ಮೂಸಿ, ಆಗುವುದಲ್ಲ ಎಂಬಂತೆ ಹೊರಟುಹೋಯಿತು.

ಅರ್ಧ ಗಂಟೆ ತಡಕಾಡಿದ ಮೇಲೆ ಕೆಂಚೇಶನಿಗೆ ಹೊಳೆಯಿತು. ಏನೇನು ಮಾಡಬೇಕೆಂದು ಅದಕ್ಕೆ ಉದ್ದಕ್ಕೂ ಬರೆದಿದ್ದ. ಶುರು ಮಾಡು ಎಂದು ಮಾತ್ರ ಎಲ್ಲೂ ಹೇಳಿರಲಿಲ್ಲ. ಮುಖ್ಯ ಫೈಲಿನ ಕೊನೆಗೆ ಆ ಸಾಲು ಸೇರಿಸಿದ. ಇರಲಿ ಎಂದು ಉಳಿದೆರಡು ಕಂಪ್ಯೂಟರಿಗೂ ನಕಲು ಹಾಕಿದ.

“ಮೇನ್ ಫೈಲ್‌ನ ಕೈಯಾರೆ ಓಡಿಸ್ಬೇಕ್ರೀ. ತಾನಾಗೇ ಶುರು ಆಗಾದಿಲ್ಲ,” ಎಂದು ಇಬ್ಬರಿಗೂ ಹೆಮ್ಮೆಯಿಂದ ತಿಳಿಸಿ, ತನ್ನದರಲ್ಲಿ ಓಡಿಸಿ, ಮಂಡಕ್ಕಿ ತಿನ್ನಲು ಹೋದ.

ಬರುವಷ್ಟರಲ್ಲಿ ಗೇಟಿನಲ್ಲಿ ಮೂವರು ಒಂದನೇ ನಂಬರಿನ ಚೀಟಿ ಹಿಡಿದು ಜಗಳಕ್ಕೆ ನಿಂತಿದ್ದರು. ಸಹಾಯವಾಗಲೆಂದು ಲಕ್ಷ್ಮೀದೇವಿಯೂ ನಿಂಗರಾಜನೂ ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಕೈಯಾರೆ ಓಡಿಸಿಬಿಟ್ಟಿದ್ದರು; ಈಗ ಮೂರು ಕಿಟಕಿಗೆ ಮೂರು ಎಣಿಕೆ. ತಕರಾರು ಬಂದಾಗಲೆಲ್ಲ ನಿಂಗರಾಜ್ ನಿಲ್ಲಿಸಿ ಹೊಸದಾಗಿ ಓಡಿಸುತ್ತಿದ್ದ, ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತಿತ್ತು. ಲಕ್ಷ್ಮೀದೇವಿಯೂ ಅವನನ್ನೇ ಅನುಸರಿಸಿದರು. ಮಧ್ಯಾಹ್ನದ ಹೊತ್ತಿಗೆ ಬಂದವರೆಲ್ಲರೂ ಒಂದನೇ ನಂಬರಿನವರು. ಕೆಂಚೇಶ ಮೂರನ್ನೂ ಆರಿಸಿ, ಗೇಟಿಗೆ ಹೋಗಿ ಸಂಜೆಯವರೆಗೆ ಕೂಗಿದ.

ಅಧ್ಯಕ್ಷರು ಕರೆದಾಗ ಬೈಗುಳಕ್ಕೆ ತಯಾರಾಗಿಯೇ ಹೋದ. ಅವರು ಕುರ್ಚಿ ಎಳೆದು ಕೂರಿಸಿದರು.

“ಸಂಘ ಹುಟ್ಟಿದಾಗಿಂದ ಯಾರ್ಗೂ ಒಂದ್ನೇ ನಂಬರ್ ಸಿಕ್ಕಿರ್ಲಿಲ್ಲ ಕಣಪ್ಪ. ಇವತ್ತು ಎಲ್ರೂ ಚೀಟೀನ ಮನೆಗೆ ಒಯ್ದಾರೆ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಶಾಖೆಯೋರೂ ನಮಗೂ ಬೇಕು ಅಂತಾರೆ. ನಾಳೆಯಿಂದ ದಿನಕ್ಕೊಂದು ಊರಿಗೆ ಹೋಗಿ ಶುರು ಮಾಡಿಕೊಡು. ಆಮೇಲೆ ಗೇಟ್‌ನಾಗೆ ಕೂಗಾಕೂ ನೀನೇ ಇರು.”

ಆಗಲ್ಲ ಎನ್ನಲು ಕೆಂಚೇಶ ಬಾಯಿ ತೆರೆದ. ದಿನವಿಡೀ ಕೂಗಿ ಒಡೆದ ಗಂಟಲಿನಿಂದ ಬರೀ ಗಾಳಿ ಬಂತು. ಉಚ್ಚಂಗೆಪ್ಪ ಅದನ್ನು ಒಪ್ಪಿಗೆಯೆಂದು ತಿಳಿದು, ಹೊನ್ನಾಳಿಗೆ ಫೋನ್ ಹಚ್ಚಿದರು.