ಗಾಳಿಪಟದ ಸಾಹೇಬನೂ ನಮ್ಮ ಕಬಡ್ಡಿ ಹುಡುಗಿಯರೂ

ನಾನು ಭದ್ರಾವತಿಯ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಡಂ ಆಗಿದ್ದವಳು. ಕೊರಳಿಗೆ ಸೀಟಿ ಹಾಕಿಕೊಂಡ ಹೆಂಗಸಿನ ಪಾಡು ಕೇಳಬೇಡಿ, ತೆಪ್ಪಗೆ ನಿಂತಿದ್ದರೂ ನಗೆಪಾಟಲು ಹುಡುಕಿಕೊಂಡು ಬರುತ್ತದೆ. ಅದರಲ್ಲೂ ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನನ್ನ ಕಬಡ್ಡಿ ತಂಡವನ್ನು ಸಮುದ್ರಕ್ಕೆ ಕರೆದುಕೊಂಡು ಹೋದ ಆ ಒಂದು ಸಲ! ಹೇಳಿಕೊಂಡರೆ ಜಂಬ ಅಂತೀರಿ. ಅನ್ನಿ, ನನಗೇನು? ಜಂಬ ಪಡುವಂಥದ್ದೇ ನಡೆದಿದೆ.

೧. ಪುಡಿ ಪುಡಿ

ಕಾರ್ಖಾನೆ ಇರುವ ಊರು ನಮ್ಮದು. ಕನ್ನಡ, ತಮಿಳು, ತೆಲುಗು ಎಲ್ಲ ಒಂದೇ ನಲ್ಲಿಯಲ್ಲಿ ಬರುತ್ತವೆ. ನನ್ನ ತಂಡದ ಕ್ಯಾಪ್ಟನ್ ಹುಡುಗಿಯ ಮನೆಮಾತು ತಮಿಳು. ಶಿವಮೊಗ್ಗದಲ್ಲಿ ಒಂದು ಪಂದ್ಯ. ಎದುರು ತಂಡದ ಹುಡುಗಿ ನಮ್ಮ ಅಂಕಣದೊಳಕ್ಕೆ ಕಾಲಿಟ್ಟಳೋ ಇಲ್ಲವೋ, ಇವಳು "ಪುಡಿ! ಪುಡಿ!" ಅಂತ ಅರಚಿದಳು. ಅವರ ಮಾತಿನಲ್ಲಿ ಹಾಗಂದರೆ ಹಿಡಿ ಅಂತ. ಆ ಮಗುವಿಗೆ ತನ್ನನ್ನೇ ಪುಡಿ ಮಾಡ್ತಾರೆ ಅಂತ ಕೇಳಿಸಿ, ಅಳುತ್ತಾ ಅಂಪೈರ್ ಹತ್ತಿರ ಓಡಿತು.

ಅಂಪೈರ್ ನನ್ನ ಮೇಲೆ ಹರಿಹಾಯ್ದರು. "ಏನ್ರೀ ಮೇಡಂ, ಕಬಡ್ಡಿ ಕಲಿಸ್ತೀರೋ ಧಮ್ಕಿ ಹಾಕೋದು ಕಲಿಸ್ತೀರೋ?"

"ಅಯ್ಯೋ ಸರ್, ಅದು ತಮಿಳು. ಹಿಡಿ ಅಂತ ಅರ್ಥ."

"ಹಾಗಿದ್ರೆ ಕನ್ನಡದಲ್ಲಿ ಹೇಳೋಕೆ ಹೇಳಿ. ಮರ್ಯಾದೆಯಾಗಿ ಹೇಳಬೇಕು!"

ಮುಂದಿನ ಹುಡುಗಿ ಬಂದಾಗ ನಮ್ಮ ಕ್ಯಾಪ್ಟನ್ ಎದೆ ಬಿರಿಯುವ ಹಾಗೆ ಕೂಗಿದಳು: "ದಯವಿಟ್ಟು ಹಿಡಿಯಿರಿ!" ಬಂದ ಹುಡುಗಿಗೆ ನಗು ತಡೆಯಲಾಗಲಿಲ್ಲ, ಉಸಿರು ಬಿಟ್ಟಳು, ಔಟಾದಳು.

೨. ರೈಟ್

ಈ ಧಮ್ಕಿ ಸುದ್ದಿ ಕ್ಯಾಪ್ಟನ್ ಹುಡುಗಿಯ ಅಪ್ಪನ ಕಿವಿಗೆ ಬಿತ್ತು. ಅವರು ಕಾರ್ಖಾನೆಯಲ್ಲಿ ಕ್ರೇನ್ ಆಪರೇಟರ್, ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಗಂಟಲು. "ಹುಡುಗಿ ರೌಡಿ ಆಗ್ತಿದ್ದಾಳೆ ಮೇಡಂ. ಕಬಡ್ಡಿ ಸಾಕು" ಅಂದುಬಿಟ್ಟರು. ಜಿಲ್ಲಾ ಪಂದ್ಯ ಹತ್ತಿರ ಬಂದಿತ್ತು, ಅವಳಿಲ್ಲದ ನನ್ನ ತಂಡ ಅಂದರೆ ಉಪ್ಪಿಲ್ಲದ ಸಾರು. ಹೊನ್ನಾವರದ ಆಚೆ ಸಮುದ್ರದ ಮರಳಿನಲ್ಲಿ ಪ್ರಾಕ್ಟೀಸ್ ಇಟ್ಟುಕೊಂಡಿದ್ದೆ. "ನೀವೂ ಬನ್ನಿ, ಕಣ್ಣಾರೆ ನೋಡಿ, ಆಮೇಲೆ ಹೇಳಿ" ಅಂತ ಗೋಗರೆದೆ.

"ಬರ್ತೀನಿ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅವಳ ಆಟ ಅಲ್ಲಿಗೇ ಬಂದ್" ಅಂದರು.

ಬಸ್ಸು ಶಿವಮೊಗ್ಗದಾಚೆಯ ಆಯನೂರು ದಾಟುವುದರೊಳಗೆ ಹುಡುಗಿಯರ ತಿಂಡಿ ಡಬ್ಬಿಗಳೆಲ್ಲ ಖಾಲಿ. ಸಮುದ್ರ ತಲುಪಿದಾಗ ದಡದಲ್ಲಿ ಬಲೆ ಬಿಡಿಸುತ್ತಿದ್ದ ಮೀನುಗಾರರು, ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಮಂಡಿಗಿಂತ ಮೇಲೆ ನೀರಿಗೆ ಇಳಿಸಬೇಡಿ ಅಂತ ಎಚ್ಚರಿಸಿದರು. ಹುಡುಗಿಯರಿಗೆ ಹೇಳಿದೆ, "ಸೀಟಿ ಹೊಡೆದ ತಕ್ಷಣ ಹೊರಗೆ ಬರಬೇಕು." ಎಲ್ಲರೂ ಹೂಂ ಅಂದು ನೀರಿಗಿಳಿದರು. ಸ್ವಲ್ಪ ಹೊತ್ತಿಗೆ ದೂರದಲ್ಲಿ ದೊಡ್ಡ ಅಲೆಯೊಂದು ಎದ್ದಿತು. ಗಾಬರಿಯಲ್ಲಿ ಪೀ ಪೀ ಅಂತ ಊದಿದೆ. ಹುಡುಗಿಯರು ಹೋ ಅಂತ ಕೂಗುತ್ತಾ ಇನ್ನೂ ಒಳಕ್ಕೆ ಹೋದರು! ಸೀರೆ ಎತ್ತಿ ಕಟ್ಟಿ ನುಗ್ಗಿದೆ. ಜುಟ್ಟು, ರಟ್ಟೆ, ಸಿಕ್ಕಿದ್ದನ್ನು ಹಿಡಿದು ಎಲ್ಲರನ್ನೂ ಎಳೆದು ತಂದೆ.

"ಸೀಟಿ ಕೇಳಿಸ್ಲಿಲ್ವೇನ್ರೇ, ಕತ್ತೆಗಳಾ?"

"ಕೇಳಿಸ್ತು ಮೇಡಂ. ಎರಡು ಹೊಡೆದ್ರಲ್ಲ" ಅಂದಳು ಕ್ಯಾಪ್ಟನ್. "ಶಿವಮೊಗ್ಗ ಬಸ್ಸಲ್ಲಿ ಒಂದು ಸೀಟಿಗೆ ಸ್ಟಾಪು, ಎರಡಕ್ಕೆ ರೈಟ್. ಅದಕ್ಕೇ ಹೋದ್ವಿ."

ಅವಳಪ್ಪ ಈಗ ಬೈಯುತ್ತಾರೆ ಅಂತ ಹೆದರಿ ತಿರುಗಿದೆ. ಬೈದರು, ಆದರೆ ನನ್ನನ್ನು: "ಹುಡುಗೀರು ಕರೆಕ್ಟಾಗೇ ಇದ್ದಾರೆ. ಕಂಡಕ್ಟರೇ ಸರಿ ಇಲ್ಲ."

೩. ಹೆಬ್ಬೆರಳು

ಮಧ್ಯಾಹ್ನ ಹುಡುಗಿಯರನ್ನು ಒಣ ಮರಳಿನಲ್ಲಿ ಆಡಿಸುತ್ತಿದ್ದೆ. ಆಗ ಬಂದ ನೋಡಿ ಒಬ್ಬ ವಿದೇಶಿ ಸಾಹೇಬ. ಜೀಪಿನಷ್ಟು ದೊಡ್ಡ ಗಾಳಿಪಟವನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡು, ಕಾಲಿಗೆ ಹಲಗೆ ಹಾಕಿಕೊಂಡು, ಗಾಳಿ ಎಳೆದ ಹಾಗೆ ಅಲೆಗಳ ಮೇಲೆ ಜಾರುವ ಆಟವಂತೆ. ನಾವು ಹುಟ್ಟಿದ ಮೇಲೆ ಕಂಡದ್ದಲ್ಲ. ಮುಷ್ಟಿಯಿಂದ ಮರಳು ಸುರಿದು ಗಾಳಿ ನೋಡಿದ. ಗಾಳಿ ಸಮುದ್ರದಿಂದ ದಡಕ್ಕೆ ಬೀಸುತ್ತಿತ್ತು. ಗಾಳಿಪಟದ ಹಗ್ಗಗಳ ಹತ್ತಿರ ಯಾರೂ ಬರಬೇಡಿ ಅಂತ ಕೈಯಾಡಿಸಿ ಹುಡುಗಿಯರನ್ನು ದೂರ ಸರಿಸಿದ. ಕ್ರೇನ್ ಅಪ್ಪನಿಗೆ ಬಹಳ ಖುಷಿಯಾಯಿತು. "ನೋಡಿ, ಸೇಫ್ಟಿ ಅಂದ್ರೆ ಇದು! ಲೋಡ್ ಕೆಳಗೆ ಯಾರೂ ನಿಲ್ಲಬೇಡ್ರೇ!" ಅಂತ ಗರ್ಜಿಸಿದರು.

ಸಾಹೇಬ ಅವರನ್ನೇ ಕರೆದು ಗಾಳಿಪಟದ ಅಂಚನ್ನು ಕೈಗೆ ಕೊಟ್ಟ. ಏನೋ ಉದ್ದಕ್ಕೆ ವಿವರಿಸಿದ. ಅವನ ಇಂಗ್ಲಿಷಿನಲ್ಲಿ ನಮಗೆ ತಿಳಿದದ್ದು 'ಪ್ಲೀಸ್' ಒಂದೇ. ಹಗ್ಗಗಳ ತುದಿಯನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡು, ದೂರ ಹೋಗಿ ನಿಂತು ಹೆಬ್ಬೆರಳು ಎತ್ತಿದ. ಬಿಡು ಅಂತ ಅವನ ಅರ್ಥ. ಆದರೆ ಕ್ರೇನಿನವರಿಗೆ ಹೆಬ್ಬೆರಳು ಮೇಲೆ ಅಂದರೆ ಎತ್ತು ಅಂತ! ಇವರು ಗಾಳಿಪಟವನ್ನು ತಲೆಯ ಮೇಲಕ್ಕೆ ಎತ್ತಿದರು. ಸಾಹೇಬ ಮತ್ತೆ ಹೆಬ್ಬೆರಳು ತೋರಿಸಿದ. ಇವರು ತುದಿಗಾಲಲ್ಲಿ ನಿಂತು ಇನ್ನೂ ಎತ್ತಿದರು. ಸಾಹೇಬ ಎರಡೂ ಹೆಬ್ಬೆರಳು ಎತ್ತಿ ಕುಣಿದ. "ಎಷ್ಟು ಎತ್ಲಿ ಮಾರಾಯಾ!" ಅಂತ ಬೈಯುತ್ತಲೇ ಇವರು ಬೋರಲು ಹಾಕಿದ್ದ ದೋಣಿಯ ಮೇಲೆ ಹತ್ತಿದರು.

ಅಷ್ಟರಲ್ಲಿ ಜೋರು ಗಾಳಿ ಬಂತು. ಗಾಳಿಪಟ ಕೈಯಿಂದ ಕಿತ್ತುಕೊಂಡು ಹಾರಿತು. ಸಾಹೇಬ ಮರಳಿನ ಮೇಲೆ ಅಂಗಾತ ಬಿದ್ದು, ಮೂಟೆ ಎಳೆದ ಹಾಗೆ ಸರ್ರನೆ ದಡದ ಹಿಂದಿದ್ದ ಗಾಳಿಮರದ ತೋಪಿನ ಕಡೆಗೆ ಹೊರಟ. ಮರಕ್ಕೆ ಬಡಿದರೆ ತಲೆ ಉಳಿಯುತ್ತಿರಲಿಲ್ಲ. ಗಾಬರಿಗೆ ನನ್ನ ಸೀಟಿಯೂ ಹೊರಡಲಿಲ್ಲ.

ನನ್ನ ಹುಡುಗಿಯರು ಯಾರನ್ನೂ ಕೇಳಲಿಲ್ಲ. ಕ್ಯಾಪ್ಟನ್ ಅಡ್ಡ ಹಾರಿ ಅವನ ಕಣಕಾಲು ಹಿಡಿದಳು. ಇಬ್ಬರು ತೊಡೆ, ಇಬ್ಬರು ಸೊಂಟ, ಉಳಿದವರು ಎದೆಯ ಮೇಲೆಯೇ ಬಿದ್ದರು. ಅಪ್ಪ ದೋಣಿಯಿಂದ ಹಾರಿ ಓಡುತ್ತಾ ಕೂಗಿದರು, "ಹಗ್ಗ ಮುಟ್ಟಬೇಡ್ರೇ, ಕೈ ಕೊಯ್ದು ಹೋಗುತ್ತೆ! ಆಳನ್ನ ಹಿಡೀರಿ! ಬಿಡಬೇಡ, ಮಗಳೇ, ಬಿಡಬೇಡ!" ಆ ಜನರ ರಾಶಿ ಎರಡು ಮಾರು ಜಾರಿ ನಿಂತಿತು. ಸಾಹೇಬ ಅಷ್ಟು ಹೊತ್ತಿಗೆ ಕೈ ಬಿಡಿಸಿಕೊಂಡು, ಸೊಂಟದ ಪಟ್ಟಿಯಲ್ಲಿದ್ದ, ಗಾಳಿಪಟ ಸಡಿಲಿಸುವ ಕೆಂಪು ಹಿಡಿಕೆ ಎಳೆದ. ಗಾಳಿಪಟ ಸೊರಗಿ ನೆಲಕ್ಕೆ ಬಿತ್ತು. ಮರ ಕೈಯಳತೆಯಲ್ಲೇ ಇತ್ತು. ಬಾಯಲ್ಲಿ ಮರಳು ತುಂಬಿಕೊಂಡೇ ಅವನು ಥ್ಯಾಂಕ್ಯೂ ಥ್ಯಾಂಕ್ಯೂ ಅಂದ. ನನ್ನ ಕಣ್ಣಲ್ಲಿ ನೀರು ಬಂತು. ಅಂಥ ಹಿಡಿತವನ್ನು ಕಲಿಸಿದವಳು ನಾನು ಕಣ್ರೀ!

ಕ್ಯಾಪ್ಟನ್ ಎದ್ದು, ಕೈ ಮೇಲೆತ್ತಿ, "ಮೇಡಂ, ಪಾಯಿಂಟ್!" ಅಂದಳು. ಅವಳ ಮೊಣಕೈ ತರಚಿತ್ತು. ಅಪ್ಪ ಅದನ್ನೇ ನೋಡುತ್ತಾ ನಿಂತರು. ಮೀಸೆ ಅದುರುತ್ತಿತ್ತು. ಆಟ ಬಂದ್ ಆಯಿತು ಅಂದುಕೊಂಡೆ. ಆದರೂ ಕೇಳಿದೆ, "ಯಜಮಾನರೇ, ಜಿಲ್ಲಾ ಪಂದ್ಯಕ್ಕೆ ನಿಮ್ಮ ಒಪ್ಪಿಗೆ...?"

ಅವರು ಸಾಹೇಬನ ಕಡೆ ನೋಡಿದರು. ಆರಡಿ ಆಳು, ಚಡ್ಡಿಯಿಂದ ಮರಳು ಕೊಡವಿಕೊಳ್ಳುತ್ತಾ ಕುಂಟುತ್ತಿದ್ದ.

"ನನ್ನ ಒಪ್ಪಿಗೆ ಯಾಕೆ ಮೇಡಂ?" ಅಂದರು ಮೀಸೆ ತಿರುವುತ್ತಾ. "ಎದುರು ಟೀಮಿನ ಅಪ್ಪಂದಿರ ಒಪ್ಪಿಗೆ ತಗೊಳ್ಳಿ!"